ಕಾಯಿಲೆ ಜೊತೆ ಹರಡೋ ಗಾಳಿಸುದ್ದಿಗೆ ಹಾಡಿನಿಂದ ಉತ್ತರ ಕೊಡೋದು ಹೇಗೆ: ಮೊದಲಿಂದ ಕೊನೆವರೆಗೆ

2014ರಲ್ಲಿ ಎಬೋಲಾ ಅನ್ನೋ ಮಾರಕ ಸಾಂಕ್ರಾಮಿಕ ಕಾಯಿಲೆ ನೈಜೀರಿಯಾಗೆ ಬಂದಾಗ ಉಪ್ಪುನೀರು ಕುಡಿದ್ರೆ ಕಾಯಿಲೆ ಬರಲ್ಲ ಅಂತ ಒಂದು ಗಾಳಿಸುದ್ದಿ ಹಬ್ಬಿತು, ಅದನ್ನ ನಂಬಿ ಸಿಕ್ಕಾಪಟ್ಟೆ ಉಪ್ಪುನೀರು ಕುಡಿದು ಜನ ಸತ್ತಿದ್ದೂ ವರದಿಯಾಯ್ತು. 2020ರಲ್ಲಿ ಇರಾನಲ್ಲಿ ಮದ್ಯ ಕುಡಿದ್ರೆ ಕೊರೊನಾ ಹೋಗುತ್ತೆ ಅಂತ ನಂಬಿ ಮೆಥನಾಲ್ ಅನ್ನೋ ವಿಷದ ಆಲ್ಕೋಹಾಲ್ ಕುಡಿದು ನೂರಾರು ಜನ ಹೋದ್ರು. ಆ ವರ್ಷ ಫೆಬ್ರವರಿಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಮುಖ್ಯಸ್ಥ ಟೆಡ್ರೋಸ್ ಅವರು ನಾವು ಬರೀ ಕಾಯಿಲೆ ಜೊತೆ ಹೋರಾಡ್ತಿಲ್ಲ, ಸುಳ್ಳು ಮಾಹಿತಿಯ ಸಾಂಕ್ರಾಮಿಕದ ಜೊತೆಗೂ ಹೋರಾಡ್ತಿದ್ದೀವಿ ಅನ್ನೋ ಅರ್ಥದಲ್ಲಿ ಮಾತಾಡಿದ್ರು.

ಇಂಥ ಟೈಮಲ್ಲಿ ಸಂಗೀತ ಗೊತ್ತಿರೋರಿಗೆ, ಆರೋಗ್ಯ ಇಲಾಖೆಯೋರಿಗೆ, ಸ್ವಯಂಸೇವಕರಿಗೆ ಎಲ್ರಿಗೂ ಒಂದು ಹಾಡು ಮಾಡಿಬಿಡೋಣ ಅನ್ಸುತ್ತೆ, ಒಳ್ಳೇದೇ. ಆದ್ರೆ ಹಾಡು ತಲೆಯಲ್ಲಿ ಕೂತ್ರೆ ಏಳಲ್ಲ, ಅದರಲ್ಲಿರೋ ತಪ್ಪೂ ಏಳಲ್ಲ. ಅದಕ್ಕೇ ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದ ತೀರ್ಮಾನ ಒಂದೇ, ಪಲ್ಲವಿಯಲ್ಲಿ ಏನಿಡ್ತೀರಿ ಅನ್ನೋದು. ಟ್ಯೂನ್, ಗಾಯಕರು, ವಿಡಿಯೋ ಎಲ್ಲಾ ಆಮೇಲೆ. ಒಂದೊಂದಾಗಿ ನೋಡೋಣ.

1. ಮೊದಲು ಗಾಳಿಸುದ್ದಿ ಹಿಡಿಯಿರಿ, ಆಮೇಲೆ ಪೆನ್ನು

ಸಾಮಾನ್ಯವಾಗಿ ಜನ ಮಾಡೋದೇನಂದ್ರೆ ಕಾಯಿಲೆ ಹೆಸರು ಹಾಕಿ "ಜಾಗೃತರಾಗಿ, ಎಚ್ಚರ ಎಚ್ಚರ" ಅಂತ ನಾಲ್ಕು ಸಾಲು ಬರೆದು ಟ್ಯೂನ್ ಹಾಕಿಬಿಡೋದು. ಅದರಿಂದ ಯಾರಿಗೂ ಏನೂ ಉಪಯೋಗ ಇಲ್ಲ, ಯಾಕಂದ್ರೆ ಎಚ್ಚರ ಅಂದ್ರೆ ಏನ್ ಮಾಡ್ಬೇಕು ಅಂತಾನೇ ಅದರಲ್ಲಿ ಇರಲ್ಲ. ಮೊದಲು ಒಂದೆರಡು ದಿನ ಕೂತು ಜನ ನಿಜವಾಗ್ಲೂ ಏನ್ ಮಾತಾಡ್ತಿದ್ದಾರೆ ಅಂತ ಕೇಳಿಸ್ಕೊಳ್ಳಿ, ವಾಟ್ಸಾಪ್ ಫಾರ್ವರ್ಡ್, ಆಸ್ಪತ್ರೆ ಕ್ಯೂ, ಔಷಧಿ ಅಂಗಡಿ ಮುಂದೆ ನಡೆಯೋ ಮಾತು, ಮನೆಮನೆಗೆ ಹೋಗೋ ಆರೋಗ್ಯ ಕಾರ್ಯಕರ್ತೆಯರಿಗೆ ಬರೋ ಪ್ರಶ್ನೆಗಳು. ಈ ಕೊನೇದು ಚಿನ್ನ, ಅವರಿಗೆ ಗೊತ್ತಿರೋಷ್ಟು ಬೇರೆ ಯಾರಿಗೂ ಗೊತ್ತಿರಲ್ಲ. ಜನ ಆಡಿದ ಮಾತನ್ನ ಹಂಗಂಗೇ ಬರ್ಕೊಳ್ಳಿ, ನಿಮ್ಮ ಭಾಷೆಗೆ ತಿದ್ದಬೇಡಿ.

ಲಿಸ್ಟ್ ಆದ್ಮೇಲೆ ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಕೇಳಿ. ಇದನ್ನ ನಂಬಿದ್ರೆ ಜೀವಕ್ಕೆ ಅಪಾಯ ಇದ್ಯಾ? ಇದು ಆಗ್ಲೇ ಎಲ್ರಿಗೂ ಗೊತ್ತಿದ್ಯಾ? ಎರಡಕ್ಕೂ ಹೌದು ಅಂತ ಬಂದ್ರೆ ಮಾತ್ರ ಹಾಡು. ನಾಲ್ಕು ಜನಕ್ಕೆ ಮಾತ್ರ ಗೊತ್ತಿರೋ ಸುಳ್ಳಿಗೆ ಹಾಡು ಮಾಡಿದ್ರೆ ಅದನ್ನ ನಾಲ್ಕು ಸಾವಿರ ಜನಕ್ಕೆ ತಲುಪಿಸೋರು ನೀವೇ ಆಗ್ತೀರಿ. ಒಂದೇ ಮಾತನ್ನ ಮತ್ತೆ ಮತ್ತೆ ಕೇಳಿದ್ರೆ ಅದು ನಿಜ ಅನ್ಸೋಕೆ ಶುರುವಾಗುತ್ತೆ ಅಂತ ಹ್ಯಾಶರ್, ಗೋಲ್ಡ್‌ಸ್ಟೀನ್, ಟೊಪ್ಪಿನೋ ಅನ್ನೋ ಮನಶ್ಶಾಸ್ತ್ರದ ಸಂಶೋಧಕರು 1977ರಲ್ಲೇ ತೋರಿಸಿದ್ರು, ಮತ್ತೆ ಮತ್ತೆ ಕೇಳಿಸೋದೇ ಹಾಡಿನ ಸ್ವಭಾವ ಅಲ್ವಾ.

ಒಂದು ಹಾಡಿಗೆ ಒಂದೇ ಗಾಳಿಸುದ್ದಿ. ಐದು ತುರುಕೋಕೆ ಹೋಗ್ಬೇಡಿ ದಯವಿಟ್ಟು.

ಮುಂದಿನ ಹಂತಗಳಿಗೆ ಉದಾಹರಣೆ ಬೇಕಲ್ಲ, ಕಾಲರಾ ಅಥವಾ ವಾಂತಿಭೇದಿ ಹರಡಿರೋ ಕಡೆ ಓಡಾಡೋ ಒಂದು ಹಳೇ ನಂಬಿಕೆ ತಗೊಳ್ಳೋಣ, ಭೇದಿ ಆದಾಗ ನೀರು ಕೊಟ್ರೆ ಭೇದಿ ಇನ್ನೂ ಜಾಸ್ತಿ ಆಗುತ್ತೆ ಅನ್ನೋದು.

2. ವಿಷಯ ಗೊತ್ತಿರೋರನ್ನ ಮೊದಲ ದಿನಾನೇ ಕೂರಿಸ್ಕೊಳ್ಳಿ

ಹಾಡು ರೆಡಿಯಾದ್ಮೇಲೆ ಡಾಕ್ಟರಿಗೆ ತೋರಿಸೋದಲ್ಲ, ಬರೆಯೋಕೆ ಮುಂಚೆನೇ. ಆಮೇಲೆ ತೋರಿಸಿದ್ರೆ ಅವರು ಒಂದು ಪದ ಬದಲಾಯಿಸಿ ಅಂತಾರೆ, ನೀವು ಪ್ರಾಸ ಕೆಡುತ್ತೆ ಅಂತೀರಿ, ಕೊನೆಗೆ ಗೆಲ್ಲೋದು ಪ್ರಾಸ, ಸೋಲೋದು ವಿಷಯ.

2020ರಲ್ಲಿ ವಿಯೆಟ್ನಾಂನಲ್ಲಿ ಬಂದ 'ಘೆನ್ ಕೊ ವಿ' ಹಾಡು ನೆನಪಿರ್ಬಹುದು, ಕೈ ತೊಳೆಯೋ ಸ್ಟೆಪ್ ಹಾಕಿ ಪ್ರಪಂಚ ಎಲ್ಲಾ ಕುಣಿದ್ರಲ್ಲ, ಅದು. ಖಾಕ್ ಹಂಗ್ ಅನ್ನೋ ಸಂಗೀತಗಾರ ಆ ದೇಶದ ಆರೋಗ್ಯ ಸಂಸ್ಥೆಯೊಂದರ ಜೊತೆ ಸೇರಿ ಮಾಡಿದ್ದು. ಟ್ಯೂನ್ ಅವರದ್ದೇ 2017ರ ಹಿಟ್ ಹಾಡಿಂದು. ಅಂದ್ರೆ ಜನರ ಬಾಯಲ್ಲಿ ಆಗ್ಲೇ ಇದ್ದ ಟ್ಯೂನಿಗೆ ಹೊಸ ಮಾತು ಹಾಕಿದ್ರು, ಮಾತನ್ನ ವಿಷಯ ಗೊತ್ತಿರೋರ ಜೊತೆ ಕೂತು ಮಾಡಿದ್ರು, ಸ್ವಂತ ಟ್ಯೂನ್ ಆಗಿದ್ರಿಂದ ಹಕ್ಕಿನ ಜಗಳಾನೂ ಇರ್ಲಿಲ್ಲ. ಆಮೇಲೆ ಕ್ವಾಂಗ್ ಡಾಂಗ್ ಅನ್ನೋ ಡ್ಯಾನ್ಸರ್ ಸ್ಟೆಪ್ ಹಾಕಿ ಟಿಕ್‌ಟಾಕ್‌ನಲ್ಲಿ ಬಿಟ್ರು, ಹಾಡು ಎಲ್ಲೆಲ್ಲೋ ಹೋಯ್ತು.

ನಮ್ಮ ಉದಾಹರಣೆಗೆ ಡಾಕ್ಟರ್ ಹೇಳೋದು ಇಷ್ಟು: ಭೇದಿಯಲ್ಲಿ ಪ್ರಾಣ ತೆಗೆಯೋದು ಮುಖ್ಯವಾಗಿ ಮೈಯಿಂದ ನೀರು, ಲವಣ ಹೋಗೋದು. ಸಕ್ಕರೆ, ಉಪ್ಪು ಸರಿಯಾದ ಅಳತೆಯಲ್ಲಿ ಸೇರಿದ್ರೆ ಕರುಳಲ್ಲಿ ಗ್ಲೂಕೋಸ್ ಜೊತೆ ಸೋಡಿಯಂ ಒಳಗೆ ಹೋಗುತ್ತೆ, ಅದರ ಹಿಂದೆ ನೀರೂ ಹೋಗುತ್ತೆ, ಕಾಲರಾದಲ್ಲೂ ಈ ದಾರಿ ಕೆಲಸ ಮಾಡ್ತಾನೇ ಇರುತ್ತೆ. ಓಆರ್‌ಎಸ್ ಪ್ಯಾಕೆಟ್ (ಸಕ್ಕರೆ, ಲವಣ ಸರಿಯಾದ ಅಳತೆಯಲ್ಲಿ ಬೆರೆಸಿಟ್ಟ ಪುಡಿ) ಸಿಕ್ರೆ ಅದೇ ಬೆಸ್ಟ್, ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಬೇಕು. ಸಿಗದೇ ಇದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು, ಗೋಪುರ ಅಲ್ಲ. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನಕ್ಕೆ ಗುಟುಕು ಗುಟುಕು. ಮಗು ಮಂಕಾದ್ರೆ, ಕುಡಿಯೋಕೇ ಆಗದಿದ್ರೆ, ಕಣ್ಣು ಗುಳಿಬಿದ್ರೆ, ಮಲದಲ್ಲಿ ರಕ್ತ ಬಂದ್ರೆ ತಡ ಮಾಡದೇ ಆಸ್ಪತ್ರೆ.

ಇಷ್ಟೂ ಹಾಡಲ್ಲಿ ಹಿಡಿಸಲ್ಲ, ಹಿಡಿಸ್ಲೂಬಾರ್ದು.

3. ಎರಡು ಬುಟ್ಟಿ: ಬದಲಾಗದೇ ಇರೋದು, ಬದಲಾಗಬಹುದಾದದ್ದು

ಹೊಸ ಕಾಯಿಲೆ ಬಂದಾಗ ವಿಜ್ಞಾನಿಗಳ ಸಲಹೆ ದಿನ ಕಳೆದಂಗೆ ಬದಲಾಗುತ್ತೆ, ಅದು ಸಹಜ. ಕೊರೊನಾ ಶುರುವಲ್ಲಿ ಎಲ್ಲರೂ ಮಾಸ್ಕ್ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತಿರ್ಲಿಲ್ಲ, 2020ರ ಜೂನ್‌ನಲ್ಲಿ ಸಲಹೆ ಬದಲಾಯಿಸಿ, ಸೋಂಕು ಹರಡ್ತಿರೋ ಕಡೆ ದೂರ ಕಾಯ್ಕೊಳ್ಳೋಕೆ ಆಗದ ಜಾಗದಲ್ಲಿ ಜನ ಬಟ್ಟೆ ಮಾಸ್ಕ್ ಹಾಕ್ಲಿ ಅಂದ್ರು. ಮಾರ್ಚಲ್ಲಿ ಯಾರಾದ್ರೂ "ಮಾಸ್ಕ್ ನಿಂಗೆ ಬೇಡ" ಅಂತ ಪಲ್ಲವಿ ಮಾಡಿದ್ರೆ ಜುಲೈಯಲ್ಲಿ ಆ ಹಾಡೇ ಗಾಳಿಸುದ್ದಿ ಆಗ್ತಿತ್ತು, ಅದೂ ನಿಮ್ಮ ಹೆಸರಲ್ಲಿ.

ಹಾಗಾಗಿ ಡಾಕ್ಟರ್ ಕೊಟ್ಟ ವಿಷಯಾನ ಎರಡು ಭಾಗ ಮಾಡಿ. ಆರು ತಿಂಗಳು ಬಿಟ್ಟರೂ ಬದಲಾಗದೇ ಇರೋದು ಹಾಡಿನೊಳಗೆ, ಕೈ ತೊಳಿ, ನೀರು ಕೊಡ್ತಾ ಇರು ಅನ್ನೋ ತರದ್ದು. ಬದಲಾಗಬಹುದಾದದ್ದೆಲ್ಲಾ, ಎಷ್ಟು ದಿನ ಬೇರೆ ಇರ್ಬೇಕು, ಲಸಿಕೆ ಯಾರಿಗೆ, ಎಲ್ಲಿ, ಸಹಾಯವಾಣಿ ನಂಬರ್ ಇವೆಲ್ಲ ಹಾಡು ಮುಗಿದ್ಮೇಲೆ ಬರೋ ಮಾತಿನ ತುಂಡಿಗೆ ಅಥವಾ ವಿಡಿಯೋ ಕೆಳಗಿನ ಬರಹಕ್ಕೆ. ಮಾತಿನ ತುಂಡನ್ನ ಹತ್ತು ನಿಮಿಷದಲ್ಲಿ ಮತ್ತೆ ರೆಕಾರ್ಡ್ ಮಾಡಬಹುದು, ಜನರ ತಲೆಯಲ್ಲಿ ಕೂತ ಪಲ್ಲವೀನ ಮತ್ತೆ ರೆಕಾರ್ಡ್ ಮಾಡೋಕಾಗಲ್ಲ.

4. ಪಲ್ಲವಿ: ಕೈಕಾಲಿಗೆ ಕೆಲಸ ಕೊಡೋ ಮಾತು

ಪಲ್ಲವಿಯಲ್ಲಿ ಸುಳ್ಳು ಬರ್ಲೇಬಾರ್ದು, ಸುಳ್ಳನ್ನ ಅಲ್ಲಗಳೆಯೋಕೂ ಬರ್ಬಾರ್ದು. ಅಲ್ಲಿರ್ಬೇಕಾದ್ದು ಕೇಳಿದೋರು ಇವತ್ತೇ ಮಾಡಬಹುದಾದ ಒಂದು ಕೆಲಸ.

ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಎಬೋಲಾ ಹರಡಿದಾಗ ಶುರುವಿನ ಪ್ರಚಾರದಲ್ಲಿ ಈ ಕಾಯಿಲೆಗೆ ಔಷಧಿ ಇಲ್ಲ, ಬಂದ್ರೆ ಸಾವು ಅನ್ನೋದೇ ಜೋರಾಗಿತ್ತು. ಕಾಯಿಲೆ ನಿಜ ಅಂತ ಜನ ನಂಬ್ಲಿ ಅನ್ನೋದು ಉದ್ದೇಶ, ಆದ್ರೆ ಕೇಳಿದ ಜನಕ್ಕೆ ಹೊಳೆದಿದ್ದು ಬೇರೆ, ಔಷಧಿನೇ ಇಲ್ಲ ಅಂದ್ಮೇಲೆ ಆಸ್ಪತ್ರೆಗೆ ಯಾಕೆ ಹೋಗೋದು, ಮನೇಲೇ ನೋಡ್ಕೊಳ್ಳೋಣ ಅಂತ. ಮನೇಲಿ ನೋಡ್ಕೊಂಡೋರಿಗೂ ತಗುಲ್ತು. ಹೆದರಿಸೋದು ಸುಲಭ, ಹೆದರಿದೋರು ಯಾವ ಕಡೆ ಓಡ್ತಾರೆ ಅಂತ ಯೋಚ್ನೆ ಮಾಡೋದು ಕಷ್ಟ.

ಅದೇ ವರ್ಷ ಲೈಬೀರಿಯಾದಲ್ಲಿ 'ಎಬೋಲಾ ಇನ್ ಟೌನ್' ಅಂತ ಒಂದು ಡ್ಯಾನ್ಸ್ ಹಾಡು ಬಂತು, ಅದಕ್ಕೆ ಒಬ್ರನ್ನೊಬ್ರು ಮುಟ್ಟದೇ ದೂರದಿಂದ್ಲೇ ಅಪ್ಪಿಕೊಂಡಂಗೆ ಮಾಡೋ ಕುಣಿತ ಜನಪ್ರಿಯ ಆಯ್ತು. ಮುಟ್ಟಬೇಡಿ ಅಂತ ಬೋರ್ಡ್ ಹಾಕೋದಕ್ಕೂ ಮುಟ್ಟದೇ ಕುಣಿಯೋ ಸ್ಟೆಪ್ ಕಲಿಸೋದಕ್ಕೂ ಎಷ್ಟು ವ್ಯತ್ಯಾಸ ನೋಡಿ, ಎರಡನೇದ್ರಲ್ಲಿ ಮೈಗೇ ಅಭ್ಯಾಸ ಆಗಿಬಿಡುತ್ತೆ.

ನಮ್ಮ ಭೇದಿ ಹಾಡಿಗೆ ನಾನಾದ್ರೆ ಪಲ್ಲವಿ ಹಿಂಗಿಡ್ತೀನಿ:

*ಗುಟುಕು ಗುಟುಕು ಕೊಡು, ಗುಟುಕು ಗುಟುಕು ಕೊಡು*
*ಹೋಗಿದ್ದೂ ನೀರೇ, ಬೇಕಾಗಿದ್ದೂ ನೀರೇ*

ಮೊದಲ ಸಾಲು ಕೆಲಸ, ಎರಡನೇ ಸಾಲು ಯಾಕೆ ಅನ್ನೋದಕ್ಕೆ ಉತ್ತರ. ಯಾಕೆ ಅಂತ ಹೇಳದೇ ಬಿಟ್ರೆ ಹಳೇ ನಂಬಿಕೆ ಖಾಲಿ ಮಾಡಿದ ಜಾಗದಲ್ಲಿ ಏನೂ ಕೂರಲ್ಲ, ನಾಳೆ ಅಜ್ಜಿ ಒಂದು ಮಾತು ಹೇಳಿದ್ರೆ ಅದೇ ವಾಪಸ್ ಬರುತ್ತೆ.

5. ಚರಣ: ಸುಳ್ಳಿನ ಹೆಸರು ಎತ್ತೋದಾದ್ರೆ ಇಲ್ಲಿ, ಒಂದೇ ಸಲ

ಕ್ರಮ ಹಿಂಗಿರ್ಲಿ: ನಿಜ, ಆಮೇಲೆ ಮುಂದೆ ಬರೋದು ಸುಳ್ಳು ಅನ್ನೋ ಎಚ್ಚರಿಕೆ, ಆಮೇಲೆ ಅದು ಯಾಕೆ ಸುಳ್ಳು, ಮತ್ತೆ ನಿಜ. ಕೊನೆಗೆ ಕಿವಿಯಲ್ಲಿ ಉಳಿಯೋದು ನಿಜಾನೇ ಆಗಿರ್ಬೇಕು.

ಕನ್ನಡದಲ್ಲಿ ಬರೆಯೋರಿಗೆ ಇಲ್ಲೊಂದು ತೊಡಕಿದೆ, ನಮ್ಮ ವಾಕ್ಯದಲ್ಲಿ ಅಲ್ಲ, ಇಲ್ಲ, ಸುಳ್ಳು ಇವೆಲ್ಲ ಬರೋದು ಕೊನೆಗೆ. "ನೀರು ಕೊಟ್ರೆ ಭೇದಿ ಹೆಚ್ಚುತ್ತೆ ಅನ್ನೋದು ಸುಳ್ಳು" ಅಂತ ಹಾಡಿದ್ರೆ ಸುಳ್ಳು ಪೂರ್ತಿಯಾಗಿ, ಸ್ಪಷ್ಟವಾಗಿ, ರಾಗವಾಗಿ ಮೊದಲು ಕೇಳುತ್ತೆ, ಆ ಕೊನೇ ಪದ ಬರೋ ಹೊತ್ತಿಗೆ ಗಾಯಕರ ಉಸಿರು ಮುಗಿದಿರುತ್ತೆ, ಮೇಲಿಂದ ಡ್ರಮ್ ಏಟು ಬೇರೆ. ಧ್ವನಿವರ್ಧಕದಲ್ಲಿ ದೂರದಿಂದ ಕೇಳಿಸ್ಕೊಂಡೋರಿಗೆ ಮೊದಲರ್ಧ ಮಾತ್ರ ಸಿಗುತ್ತೆ. ಅದಕ್ಕೇ ತಿರುಗಿಸಿ ಹಾಕಿ:

*ಸುಳ್ಳು ಮಾತು ಬಿಡಕ್ಕ, ನೀರು ನಿಲ್ಲಿಸಬೇಡಕ್ಕ*
*ಒಣಗಿದ ಬಾಯಿ ಕೇಳ್ತೈತೆ, ಗುಟುಕು ಗುಟುಕು ಕೊಡಕ್ಕ*

ಇದರಲ್ಲಿ ಸುಳ್ಳಿನ ವಾಕ್ಯಾನೇ ಇಲ್ಲ, ಆದ್ರೂ ಆ ಸುದ್ದಿ ಕೇಳಿದೋರಿಗೆ ಯಾವುದರ ಬಗ್ಗೆ ಮಾತಾಡ್ತಿದೀವಿ ಅಂತ ಗೊತ್ತಾಗುತ್ತೆ, ಕೇಳದೇ ಇದ್ದೋರಿಗೆ ಹೊಸದಾಗಿ ಸುಳ್ಳು ಕಲಿಸಿದಂಗೂ ಆಗಲ್ಲ.

ಸವಾಲ್ ಜವಾಬ್ ತರದ ಹಾಡು ಮಾಡೋರಿಗೆ ಒಂದು ಮಾತು. ಒಬ್ರು ಸುಳ್ಳು ಹೇಳೋದು ಇನ್ನೊಬ್ರು ಉತ್ತರ ಕೊಡೋದು ಅಂತಿದ್ರೆ ತಮಾಷೆ ಸಾಲು, ಜೋಕು ಎಲ್ಲಾ ಸುಳ್ಳು ಹೇಳೋ ಪಾತ್ರಕ್ಕೇ ಹೋಗಿಬಿಡುತ್ತೆ, ಬುದ್ಧಿ ಹೇಳೋ ಪಾತ್ರ ಬೋರು ಹೊಡ್ಸುತ್ತೆ, ಜನ ಅನುಕರಣೆ ಮಾಡೋದು ಯಾರನ್ನ ಅಂತ ನೀವೇ ಹೇಳಿ. ಒಳ್ಳೇ ಡೈಲಾಗ್‌ನ ನಿಜ ಹೇಳೋರಿಗೆ ಕೊಡಿ.

6. ಅಳತೆ, ಅಂಕಿ ಇದ್ರೆ ಪ್ರಾಸದಲ್ಲಿ ಬೀಗ ಹಾಕಿ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಯಾರಾದ್ರೂ ತಪ್ಪಿ ಅದಲುಬದಲು ಮಾಡಿ ಆರು ಚಮಚ ಉಪ್ಪು ಹಾಕಿ ಮಗುಗೆ ಕುಡಿಸಿದ್ರೆ ಅದು ವಿಷ, ಮೇಲೆ ಹೇಳಿದ ಉಪ್ಪುನೀರಿನ ಕಥೆನೇ. ಬಾಯಿಂದ ಬಾಯಿಗೆ ಹೋಗುವಾಗ ಆರು, ಅರ್ಧ ಎರಡೂ ಒಂದೇ ತರ ಕೇಳಿಸುತ್ತೆ ಬೇರೆ. ಹಾಗಾಗಿ ತಪ್ಪಾಗಿ ಹಾಡಿದ್ರೆ ನಾಲಿಗೆಯೇ ಎಡವೋ ಹಂಗೆ ಬರೀಬೇಕು:

*ಒಂದು ಲೀಟರ್ ನೀರು*
*ಸಕ್ಕರೆ ಚಮಚ ಆರು*
*ಉಪ್ಪು ಅರ್ಧ ಅಷ್ಟೇ*
*ತಪ್ಪಿ ಹೆಚ್ಚಿದ್ರೆ ಕಷ್ಟವೇ*

ನೀರು ಆರು ಅಂತ್ಯಪ್ರಾಸ, ಉಪ್ಪು ತಪ್ಪಿ ಆದಿಪ್ರಾಸ. ಸಕ್ಕರೆ ಜಾಗದಲ್ಲಿ ಉಪ್ಪು ಇಟ್ಟು ಹಾಡಿ ನೋಡಿ, ಒಂದು ಮಾತ್ರೆ (ಗುಳಿಗೆ ಅಲ್ಲ, ಪದ್ಯದಲ್ಲಿ ಉಚ್ಚಾರದ ಹೊತ್ತು ಅಳೆಯೋ ಲೆಕ್ಕ) ಕಮ್ಮಿಯಾಗಿ ತಾಳ ಕುಂಟುತ್ತೆ. ಉಪ್ಪಿನ ಜಾಗದಲ್ಲಿ ಸಕ್ಕರೆ ಇಟ್ರೆ ತಪ್ಪಿಗೆ ಜೋಡಿನೇ ಸಿಗಲ್ಲ. ನಮ್ಮ ಹಳೇ ಪದ್ಯಗಳು ನೂರಾರು ವರ್ಷ ಬಾಯಲ್ಲೇ ಉಳಿದದ್ದು ಇಂಥ ಪ್ರಾಸದ ಬಲದಿಂದಾನೇ, ಅದೇ ಕಸುಬನ್ನ ಇಲ್ಲಿ ಬಳಸ್ಕೊಳ್ಳೋದು. ಇಷ್ಟೆಲ್ಲಾ ಮಾಡಿದ್ರೂ ಓಆರ್‌ಎಸ್ ಪ್ಯಾಕೆಟ್ ಸುಲಭಕ್ಕೆ ಸಿಗೋ ಕಡೆ ಈ ಚರಣಾನೇ ಕಿತ್ತುಹಾಕಿ "ಪ್ಯಾಕೆಟ್ ತಂದು ಕಲಕು" ಅಂತಷ್ಟೇ ಇಡೋದು ಒಳ್ಳೇದು, ಅಂಕಿ ಕಮ್ಮಿ ಇದ್ದಷ್ಟೂ ತಪ್ಪು ಕಮ್ಮಿ.

ಹೊತ್ತು ಅಳೆಯೋ ಹಾಡಾದ್ರೆ ಲೆಕ್ಕ ಸುಲಭ. ಕೈಗೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡ್ ಉಜ್ಜಬೇಕು ಅಂತಿಟ್ಕೊಳ್ಳಿ, ನಿಮಿಷಕ್ಕೆ 96 ಏಟಿನ ವೇಗ ಇಟ್ರೆ 32 ಏಟಿಗೆ ಸರಿಯಾಗಿ ಇಪ್ಪತ್ತು ಸೆಕೆಂಡ್ ಆಗುತ್ತೆ, ಅಂದ್ರೆ ಎಂಟೇಟಿನ ತಾಳ ನಾಲ್ಕು ಸುತ್ತು. ಜನ ಅವಸರದಲ್ಲಿ ಓಡಿಸ್ಕೊಂಡು ಹಾಡ್ತಾರೆ, ಹಾಗಾಗಿ ಐದು ಸುತ್ತು ಬರೋ ಹಂಗೆ ಬರೆದುಬಿಡಿ.

7. ಟ್ಯೂನ್ ಮತ್ತೆ ಹಾಡೋರು

ಟ್ಯೂನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮಕ್ಕಳೂ ಮುದುಕರೂ ಹಾಡೋಕಾಗಬೇಕು, ಸ್ಥಾಯಿ ಜಾಸ್ತಿ ಹಾರಬಾರದು, ಒಂದು ಸ್ವರಕ್ಕೆ ಒಂದು ಅಕ್ಷರ ಇದ್ರೆ ಮಾತು ಸ್ಪಷ್ಟ. ಎಲ್ರಿಗೂ ಗೊತ್ತಿರೋ ಜನಪದ ಧಾಟಿ ಸಿಕ್ರೆ ಅರ್ಧ ಕೆಲಸ ಮುಗೀತು. ಸಿನಿಮಾ ಹಾಡಿನ ಟ್ಯೂನ್ ಎತ್ಕೊಂಡ್ರೆ ಹಕ್ಕಿರೋ ಕಂಪನಿ ಕ್ಲೇಮ್ ಹಾಕಿ ವಿಡಿಯೋನೇ ಮ್ಯೂಟ್ ಆಗಬಹುದು, ಅದೂ ಹಾಡು ಹರಡೋ ಹೊತ್ತಿಗೆ ಸರಿಯಾಗಿ. ಆಮೇಲೆ ಮೂಲ ಹಾಡಲ್ಲಿ ಕುಡಿತ, ಚೇಷ್ಟೆ ಇದ್ರೆ ಜನಕ್ಕೆ ನೆನಪಾಗೋದು ಅದೇ. ಸಾವಿನ ವಿಷಯಕ್ಕೆ ಕುಣಿಯೋ ಟ್ಯೂನ್ ಅಂತೂ ಬೇಡ. ಎಬೋಲಾ ಟೈಮಲ್ಲಿ ಹೆಣ ಮುಟ್ಟಬೇಡಿ ಅಂದಾಗ ಜನ ತಿರುಗಿಬಿದ್ರು, ತಮ್ಮೋರಿಗೆ ಮರ್ಯಾದೆ ಇಲ್ಲದಂಗೆ ಆಗ್ತಿದೆ ಅಂತ, 2014ರ ನವೆಂಬರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷತೆ ಜೊತೆ ಗೌರವಾನೂ ಸೇರಿಸಿ ಅಂತ್ಯಕ್ರಿಯೆಯ ಹೊಸ ಕ್ರಮ ಕೊಟ್ಟ ಮೇಲೆ ಕುಟುಂಬದೋರಿಗೆ, ಧರ್ಮಗುರುಗಳಿಗೆ ಅದರಲ್ಲಿ ಜಾಗ ಸಿಕ್ತು.

ಹಾಡೋರು ಯಾರು ಅನ್ನೋದು ಟ್ಯೂನಿಗಿಂತ ದೊಡ್ಡ ವಿಷಯ. ದೊಡ್ಡ ಸ್ಟಾರ್ ಬಂದ್ರೆ ವ್ಯೂಸ್ ಬರುತ್ತೆ ನಿಜ, ನಂಬಿಕೆನೂ ಬರುತ್ತೆ ಅಂತ ಹೇಳೋಕಾಗಲ್ಲ. ಉಗಾಂಡಾದ ಗಾಯಕ ಫಿಲಿ ಲುಟಾಯಾ 1989ರಲ್ಲಿ ತನಗೇ ಏಡ್ಸ್ ಇದೆ ಅಂತ ಬಹಿರಂಗವಾಗಿ ಹೇಳಿದ್ರು, ಆ ಕಾಲದಲ್ಲಿ ಆ ಹೆಸರೆತ್ತೋಕೂ ಜನ ಹೆದರ್ತಿದ್ರು. ಶಾಲೆ, ಚರ್ಚುಗಳಿಗೆ ಹೋಗಿ ಮಾತಾಡಿದ್ರು, ಹಾಡಿದ್ರು, ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡ್ರು. ಅವರ ಮಾತಿಗಿದ್ದ ತೂಕ ಯಾವ ಜಾಹೀರಾತಿಗೂ ಬರಲ್ಲ. ಅದೇ ದೇಶದಲ್ಲಿ 2020ರ ಮಾರ್ಚಲ್ಲಿ ಬಾಬಿ ವೈನ್, ನೂಬಿಯನ್ ಲೀ ಸೇರಿ ಕೊರೊನಾ ಹಾಡು ಮಾಡಿದ್ರು, ಬಾಬಿ ವೈನ್ ಗಾಯಕರೂ ಹೌದು, ಸರ್ಕಾರದ ವಿರುದ್ಧ ಇದ್ದ ಸಂಸದರೂ ಹೌದು. ಸರ್ಕಾರದ ಮಾತು ಅಂದ್ರೆ ಮುಖ ತಿರುಗಿಸೋ ಜನ ಅಂಥೋರ ಮಾತನ್ನ ಕೇಳ್ತಾರೆ. ನಿಮ್ಮ ಹಾಡು ಯಾರಿಗೆ ತಲುಪಬೇಕೋ ಅವರು ಯಾರನ್ನ ನಂಬ್ತಾರೆ ಅಂತ ಕೇಳಿ, ಕಾಯಿಲೆಯಿಂದ ಗುಣ ಆದೋರು, ಸೂಲಗಿತ್ತಿ, ಭಜನೆ ಗುಂಪಿನೋರು, ಯಾರ ಹೆಸರು ಬರುತ್ತೋ ಅವರ ಬಾಯಲ್ಲೇ ಹಾಡಿಸಿ, ಸ್ವಲ್ಪ ಅಪಸ್ವರ ಬಂದ್ರೂ ಪರ್ವಾಗಿಲ್ಲ.

ಮತ್ತೆ, ಯಾವ ಊರು, ಜಾತಿ, ಧರ್ಮ, ಕಸುಬಿನೋರನ್ನೂ ಕಾಯಿಲೆಗೆ ಕಾರಣ ಅಂತ ಸೂಚಿಸೋ ಒಂದೇ ಒಂದು ಪದ ಬೇಡ, ವಿಡಿಯೋದಲ್ಲಿ ವೇಷಭೂಷಣದಲ್ಲೂ ಬೇಡ.

8. ರೆಕಾರ್ಡಿಂಗ್

ಸ್ಟುಡಿಯೋ ಬೇಕಿಲ್ಲ. ದಪ್ಪ ಪರದೆ, ಹಾಸಿಗೆ ಇರೋ ರೂಮು, ಒಂದು ಫೋನು ಸಾಕು. ಮಾತು ಮೇಲೆ, ವಾದ್ಯ ಕೆಳಗೆ. ಮುಗಿಸಿದ್ಮೇಲೆ ಹೆಡ್‌ಫೋನಲ್ಲಿ ಕೇಳಿ ಖುಷಿಪಡಬೇಡಿ, ಅಗ್ಗದ ಫೋನ್ ಸ್ಪೀಕರಲ್ಲಿ, ಆಟೋ ಮೇಲಿನ ಧ್ವನಿವರ್ಧಕದಲ್ಲಿ ಹಾಕಿ ನೋಡಿ, ಬೇಸ್ ಎಲ್ಲಾ ಮಾಯ ಆಗಿರುತ್ತೆ, ಅಲ್ಲೂ ಮಾತು ಬಿಡಿಸಿ ಕೇಳಿದ್ರೆ ಪಾಸ್. ಒಂದು ನಿಮಿಷದ ಮೋನೋ ಎಂಪಿ3 64 ಕೆಬಿಪಿಎಸ್‌ನಲ್ಲಿ ಸುಮಾರು 480 ಕೆಬಿ ಆಗುತ್ತೆ, ನೆಟ್ ವೀಕ್ ಇರೋ ಕಡೆನೂ ಫಾರ್ವರ್ಡ್ ಆಗುತ್ತೆ, ವಿಡಿಯೋ ಜೊತೆ ಇದನ್ನೂ ಕೊಡಿ.

9. ಬಿಡೋಕೆ ಮುಂಚೆ ಎರಡು ಪರೀಕ್ಷೆ

ಮೊದಲನೇದು ಕತ್ತರಿ ಪರೀಕ್ಷೆ. ಹಾಡನ್ನ ಹದಿನೈದು ಸೆಕೆಂಡಿನ ತುಂಡು ಮಾಡಿ ಒಂದೊಂದನ್ನೇ ಬೇರೆ ಬೇರೆ ಕೇಳಿ. ಯಾವುದಾದ್ರೂ ತುಂಡು ತಾನೊಂದೇ ಇದ್ದಾಗ ಗಾಳಿಸುದ್ದಿ ತರ ಕೇಳಿದ್ರೆ ಆ ಸಾಲು ಬದಲಾಯಿಸಿ, ಯಾಕಂದ್ರೆ ಜನ ಸ್ಟೇಟಸ್‌ಗೆ ಹಾಕೋದು ತುಂಡನ್ನೇ.

ಎರಡನೇದು ಜನರ ಪರೀಕ್ಷೆ. ಆ ಗಾಳಿಸುದ್ದಿ ನಂಬಿರೋ ಐದಾರು ಜನಕ್ಕೆ ಕೇಳಿಸಿ, ಚೆನ್ನಾಗಿದ್ಯಾ ಅಂತ ಕೇಳಬೇಡಿ, ಎಲ್ರೂ ಚೆನ್ನಾಗಿದೆ ಅಂತಾನೇ ಹೇಳ್ತಾರೆ. "ಇದು ಏನ್ ಮಾಡು ಅಂತ ಹೇಳ್ತು?" ಅಂತ ಕೇಳಿ. ಎರಡು ದಿನ ಬಿಟ್ಟು ಹಾಡು ಹಾಕದೇ ಅದೇ ಪ್ರಶ್ನೆ ಮತ್ತೆ ಕೇಳಿ. ಬಾಂಗ್ಲಾದೇಶದಲ್ಲಿ 1980ರಿಂದ 1990ರವರೆಗೆ ಬ್ರಾಕ್ ಅನ್ನೋ ಅಲ್ಲಿನ ಸ್ವಯಂಸೇವಾ ಸಂಸ್ಥೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಬೆಲ್ಲ, ಉಪ್ಪು, ನೀರು ಸೇರಿಸಿ ದ್ರಾವಣ ಮಾಡೋದು ಕಲಿಸ್ತು, ಕಲಿಸಿದ ಕಾರ್ಯಕರ್ತೆಯರ ಸಂಬಳ ಎಷ್ಟು ಮನೆಗೆ ಹೋದ್ರು ಅನ್ನೋದ್ರ ಮೇಲೆ ಇರ್ಲಿಲ್ಲ, ಆಮೇಲೆ ಬೇರೆಯೋರು ಹೋಗಿ ತಾಯಂದಿರಿಗೆ ಎಷ್ಟು ನೆನಪಿದೆ ಅಂತ ನೋಡಿ ಅದರ ಮೇಲೆ ಕೊಡ್ತಿದ್ರು. ಎಂಥ ಐಡಿಯಾ ಅಲ್ವಾ! ದ್ರಾವಣದ ಹಾಡಾದ್ರೆ ನೀವೂ ಹಂಗೇ, ಹಾಡಿಸಿ ನೋಡೋದು ಸಾಲ್ದು, ಕಲಸಿ ತೋರಿಸಿ ಅನ್ನಿ, ಚಮಚ ಎಷ್ಟು ದೊಡ್ಡದು ತಗೋತಾರೆ ಅಂತ ಆಗ ಗೊತ್ತಾಗುತ್ತೆ.

10. ಬಿಡೋದು, ಬಿಟ್ಟಮೇಲೆ ನೋಡ್ಕೊಳ್ಳೋದು

ಬಿಡೋ ಹಿಂದಿನ ದಿನ ಆಸ್ಪತ್ರೆಗೆ ಫೋನ್ ಮಾಡಿ ಓಆರ್‌ಎಸ್ ಸ್ಟಾಕ್ ಇದ್ಯಾ, ಸಹಾಯವಾಣಿ ಎತ್ತುತ್ತಿದ್ದಾರಾ ಕೇಳಿ. ಹಾಡು ಕೇಳಿ ಹೋದೋರು ಬರಿಗೈಲಿ ಬಂದ್ರೆ ಮುಂದಿನ ಹಾಡನ್ನ ಯಾರೂ ನಂಬಲ್ಲ, ಇಂಥ ಟೈಮಲ್ಲಿ ಹಾಡನ್ನ ಒಂದು ವಾರ ಮುಂದಕ್ಕೆ ಹಾಕೋದೇ ವಾಸಿ. ಗಾಳಿಸುದ್ದಿ ಯಾವ ದಾರಿಯಲ್ಲಿ ಬಂತೋ ಅದೇ ದಾರಿಯಲ್ಲಿ ಹಾಡು ಕಳಿಸಿ, ಫ್ಯಾಮಿಲಿ ಗ್ರೂಪಲ್ಲಿ ಹುಟ್ಟಿದ ಸುಳ್ಳಿಗೆ ಯೂಟ್ಯೂಬಲ್ಲಿ ಉತ್ತರ ಕೊಟ್ರೆ ಇಬ್ರೂ ಭೇಟಿನೇ ಆಗಲ್ಲ. ಫೋನ್ ಇಲ್ಲದೋರಿಗೆ ಸಮುದಾಯ ರೇಡಿಯೋ, ಶಾಲೆ ಪ್ರಾರ್ಥನೆ ಹೊತ್ತು, ಗಾಡಿ ಮೇಲಿನ ಮೈಕು.

ವ್ಯೂಸ್ ನೋಡಿ ಲೆಕ್ಕ ಹಾಕಬೇಡಿ. ಮೊದಲನೇ ಹಂತದಲ್ಲಿ ಮಾತಾಡ್ಸಿದ ಆರೋಗ್ಯ ಕಾರ್ಯಕರ್ತೆಯರ ಹತ್ರಾನೇ ವಾರಕ್ಕೊಂದ್ಸಲ ಕೇಳಿ, ಆ ಪ್ರಶ್ನೆ ಇನ್ನೂ ಬರ್ತಿದ್ಯಾ, ಕಮ್ಮಿಯಾಯ್ತಾ, ಹೊಸದೇನಾದ್ರೂ ಹುಟ್ಕೊಂಡಿದ್ಯಾ. ಕಾಮೆಂಟಲ್ಲಿ ಬರೋ ಅನುಮಾನಕ್ಕೆ ನಗದೇ ಉತ್ತರ ಕೊಡಿ.

ಫೈಲಿನ ಹೆಸರಲ್ಲಿ ತಿಂಗಳು, ವರ್ಷ ಹಾಕಿ, ಹಾಡಿನ ಕೊನೆಯ ಮಾತಲ್ಲೂ ಹೇಳಿಸಿ, ಧ್ವನಿ ಮತ್ತೆ ವಾದ್ಯದ ಟ್ರ್ಯಾಕುಗಳನ್ನ ಬೇರೆ ಬೇರೆ ಸೇವ್ ಮಾಡಿಡಿ. ನಾಳೆ ಒಂದು ಸಾಲು ಬದಲಾಯಿಸ್ಬೇಕಾದ್ರೆ ಆ ಸಾಲಷ್ಟೇ ಹಾಡಿಸಿ ಸೇರಿಸಬಹುದು, ಹಳೇದನ್ನ ನಿಮ್ಮ ಕಡೆಯಿಂದ ಡಿಲೀಟ್ ಮಾಡಿ ಏನು ಬದಲಾಯ್ತು, ಯಾಕೆ ಅಂತ ಅದೇ ಗಾಯಕರ ಧ್ವನಿಯಲ್ಲಿ ಹತ್ತು ಸೆಕೆಂಡಿನ ಆಡಿಯೋ ಮಾಡಿ ಹೊಸದರ ಜೊತೆಗೇ ಕಳಿಸಿ.